ಗೋಡೆಯ ಮೇಲಿಂದ ಬಂದ ಕುಂಡ

ನಾನು ಬೆಳೆದ ಕಾಲೋನಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಮರಳಿನದೇ ಬಣ್ಣದ ಗೋಡೆ, ಕಂದು ಬಾಗಿಲು, ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಹಿಂದೆ ಎದೆಯೆತ್ತರದ ಗೋಡೆ ಸುತ್ತಿದ ಪುಟ್ಟ ಹಿತ್ತಿಲು. ಒಳಗಿನ ಸೋಫಾ, ಊಟದ ಮೇಜು, ಫ್ರಿಡ್ಜು, ಕಿಟಕಿಯ ಪರದೆ ಎಲ್ಲವೂ ಕಂಪನಿ ಕೊಟ್ಟದ್ದು. ಹಾಗಾಗಿ ಅವೂ ಒಂದೇ. ನಮ್ಮ ಅಪ್ಪ ಒಮ್ಮೆ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದವರು ಎರಡು ಮನೆ ಆಚೆಯ ಬಾಗಿಲು ತೆರೆದು, ಬೂಟು ಕಳಚಿ, ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತು, "ಒಂದೀಟ ಚಾ ಕೊಡು" ಎಂದಿದ್ದರು. ಆ ಮನೆಯ ಈಜಿಪ್ಟಿನ ಹೆಂಗಸು ಮಾತಾಡದೆ ಚಹಾ ಮಾಡಿ ತಂದಿಟ್ಟಳಂತೆ. ಹಾಲಿಲ್ಲದ ಚಹಾ ಬಾಯಿಗೆ ಬಿದ್ದ ಮೇಲೆ ಅಪ್ಪ ಕಣ್ಣು ಬಿಟ್ಟರು. ಮನೆ ತಪ್ಪುವುದು ನಮ್ಮಲ್ಲಿ ಯಾರಿಗೂ ಅವಮಾನದ ಸಂಗತಿಯಾಗಿರಲಿಲ್ಲ. ನೆಗಡಿ ಬಂದಂತೆ ಅದು ಎಲ್ಲರಿಗೂ ಬಂದು ಹೋಗುತ್ತಿತ್ತು.

ಅಬುಧಾಬಿ ಸೀಮೆಯ ರುವೈಸಿಗೆ ಬಂದಾಗ ನನಗೆ ನಾಲ್ಕು ವರ್ಷ, ಬಿಟ್ಟಾಗ ಹದಿನೇಳು. ಅಪ್ಪ ಅಲ್ಲಿನ ರಿಫೈನರಿಯ ಕೆಲಸ ಹಿಡಿದ ಒಂದು ಕಂಪನಿಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ಟೆಕ್ನಿಶಿಯನ್. ನಮ್ಮದು ಗದಗಿನ ಕಡೆ. ಊರಿನವರ ಬಾಯಲ್ಲಿ ನಾವು ದುಬೈಯವರು. ದುಬೈ ನಮ್ಮಿಂದ ನಾಲ್ಕು ತಾಸಿನ ದಾರಿ ಎಂದೂ, ವರ್ಷಕ್ಕೆರಡು ಸಲ ಅದರ ಮುಖ ನೋಡಿದರೆ ಹೆಚ್ಚೆಂದೂ ಹೇಳಿದರೆ ಅವರು ನಂಬುತ್ತಿರಲಿಲ್ಲ, ಅಥವಾ ನಾವು ಏನೋ ಬಚ್ಚಿಡುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು. ನಾವಿದ್ದಲ್ಲಿ ಒಂದು ಕಡೆ ಸಮುದ್ರ, ಉಳಿದ ಮೂರು ಕಡೆ ಮರಳು. ಹುಲ್ಲು ಕೂಡ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಲಾರಿಯಲ್ಲಿ ಬರುತ್ತಿತ್ತು. ಮೂರು ಜನ ಅದನ್ನು ಬಿಡಿಸಿ ಹಾಸಿ, ಮೇಲೆ ನಡೆದು, ನೀರಿನ ಕೊಳವೆ ಜೋಡಿಸಿ ಹೋದರೆ ಮರುದಿನದಿಂದ ಅದು ನಮ್ಮ ಉದ್ಯಾನ. ಗಾಳಿ ತಿರುಗಿದ ದಿನ ರಿಫೈನರಿ ಕಡೆಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. "ಇವತ್ತ ನಿಮ್ಮಪ್ಪನ ಆಫೀಸು ಮನೀಗೇ ಬಂದೈತಿ ನೋಡು" ಎಂದು ಅಮ್ಮ ಊದುಬತ್ತಿ ಹಚ್ಚುತ್ತಿದ್ದಳು.

ಮಧ್ಯಾಹ್ನ ಶಾಲೆಯ ಬಸ್ಸು ನಮ್ಮನ್ನು ಇಳಿಸಿ ಹೋದ ಮೇಲೆ ಐದು ಗಂಟೆಯವರೆಗೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಎಲ್ಲ ಮನೆಗಳ ಎ.ಸಿ.ಗಳು ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. ನಾನು ಒಬ್ಬಳೇ ಮಗಳು. ಕಿಟಕಿಯ ಪರದೆ ಸರಿಸಿ ಎದುರುಮನೆಯ ಪರದೆ ನೋಡುತ್ತಿದ್ದೆ, ಅದೂ ನಮ್ಮದೇ ಪರದೆ. ಅಮ್ಮ ಮಲಗು ಎಂದರೆ ಮಲಗುತ್ತಿರಲಿಲ್ಲ. ಅಮ್ಮ ಎಡಕ್ಕೆ ಎಂದರೆ ನಾನು ಬಲಕ್ಕೆ ಹೋಗುವವಳು. "ಹೇಳಿದ್ದ ಒಂದರ ಕೇಳತೀಯೇನು ನೀನು?" ಎನ್ನುವುದು ಅವಳ ದಿನದ ಮಂತ್ರ.

ಆ ಕಾಲೋನಿಯಲ್ಲಿ ಯಾರೂ ಹೇಳಿ ಹೋಗುತ್ತಿರಲಿಲ್ಲ. ಕೆಲಸದ ಕರಾರು ಮುಗಿದರೆ ವೀಸಾ ಕ್ಯಾನ್ಸಲ್, ವೀಸಾ ಕ್ಯಾನ್ಸಲ್ ಆದರೆ ಮನೆ ಖಾಲಿ. ಆದರೆ ಪಾಸ್‌ಪೋರ್ಟಿನ ಮೇಲೆ ಸೀಲು ಬೀಳುವ ತನಕ ಆ ವಿಷಯ ಗಂಡ ಹೆಂಡಿರ ಬಾಯಿಂದ ಹೊರಗೆ ಬರಬಾರದು. ಕೊನೆ ಗಳಿಗೆಯಲ್ಲಿ ಕರಾರು ಮುಂದುವರಿದರೂ ಮುಂದುವರಿಯಬಹುದು ಎಂಬ ಆಸೆ ಒಂದು, ಕಣ್ಣು ಬೀಳುತ್ತದೆ ಎಂಬ ಹೆದರಿಕೆ ಇನ್ನೊಂದು, ಮೂರನೆಯದು ಸುಮ್ಮನೆ ನಾಚಿಕೆ. ಮಕ್ಕಳಿಗಂತೂ ಹೇಳುವುದೇ ಇಲ್ಲ, ಅವು ಶಾಲೆಯ ಬಸ್ಸಿನಲ್ಲಿ ಡಂಗುರ ಸಾರುತ್ತವೆ. ಬೇಸಿಗೆ ರಜೆಗೆ ಊರಿಗೆ ಹೋಗುತ್ತಿದ್ದೇವೆ ಎಂದು ಹೇಳಿ ಕರೆದುಕೊಂಡು ಹೋಗುತ್ತಿದ್ದರು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಬೆಂಚಿನಲ್ಲಿ ಒಂದು ಜಾಗ ಖಾಲಿ. ಟೀಚರು ಆ ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಹೆಸರು ಕೂಗುತ್ತಿದ್ದರು.

ಮನುಷ್ಯರು ಬಾಯಿ ಮುಚ್ಚಿಕೊಂಡರೂ ಕುಂಡಗಳು ಸುಮ್ಮನಿರುತ್ತಿರಲಿಲ್ಲ. ಗಿಡವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಹಿತ್ತಿಲನ್ನು ಬರಿದು ಮಾಡಿಯೇ ಮನೆ ಒಪ್ಪಿಸಬೇಕು, ವರ್ಷಗಟ್ಟಲೆ ನೀರು ಹಾಕಿ ಬೆಳೆಸಿದ್ದನ್ನು ಒಣಗಲು ಬಿಡಲು ಮನಸ್ಸು ಬಾರದು. ಹೀಗಾಗಿ ಒಂದು ಸಂಜೆ ಯಾವುದೋ ಮನೆಯ ಹೆಂಗಸು ಸೊಂಟದ ಮೇಲೆ ಕುಂಡ ಹೊತ್ತು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಿಮ್ಮಲ್ಲಿ ಇರಲಿ, ನಮ್ಮ ಹಿತ್ತಿಲಲ್ಲಿ ಬಿಸಿಲು ಹೆಚ್ಚು ಎನ್ನುತ್ತಿದ್ದಳು. ಎಲ್ಲ ಹಿತ್ತಿಲಿಗೂ ಬೀಳುತ್ತಿದ್ದದ್ದು ಅದೇ ಬಿಸಿಲು. ಅಮ್ಮ ಏನೂ ಕೇಳದೆ ಕುಂಡ ಇಳಿಸಿಕೊಂಡು, ಚಹಾ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ ಬಂದು, ಒಂದೇ ಮಾತು ಹೇಳುತ್ತಿದ್ದಳು: "ಹೊಂಟಾರ." ಮೂರು ವಾರದೊಳಗೆ ಆ ಮನೆಯ ಮುಂದೆ ಲಾರಿ ಬರುತ್ತಿತ್ತು.

ಉಳಿದವರ ಹಿತ್ತಿಲು ಹೀಗೆ ತುಂಬುತ್ತಿತ್ತು, ಮತ್ತು ನಾವು ಬಹಳ ವರ್ಷ ಉಳಿದವರು. ಅಮ್ಮ ಗಿಡಗಳನ್ನು ಊರಿನ ಹೆಸರು ಹಿಡಿದು ಕರೆಯುತ್ತಿದ್ದಳು. ಕರಾಚಿ ಎಂದರೆ ಪುದೀನ. ಪಾಲಕ್ಕಾಡು ಎಂದರೆ ಕರಿಬೇವು. ಮನಿಲಾ ಎಂದರೆ ಕೆಂಪಗೆ ಮೇಲ್ಮುಖವಾಗಿ ಬಿಡುವ ಗಾಂಧಾರಿ ಮೆಣಸು. "ಪಾಲಕ್ಕಾಡಿಗೆ ನೀರ ಹಾಕಿದೇನು? ಕರಾಚಿ ಬಾಡೇತಿ ನೋಡು" ಎಂದು ಅವಳು ಒಳಗಿನಿಂದ ಕೂಗಿದರೆ ಹೊಸದಾಗಿ ಬಂದವರು ಗಾಬರಿಯಾಗುತ್ತಿದ್ದರು. ಹನ್ನೊಂದು ವರ್ಷಕ್ಕೆ ನಾನು ಕುಂಡ ಓದುವುದನ್ನು ಕಲಿತಿದ್ದೆ. ಪಾಠದ ಪುಸ್ತಕ ಅಷ್ಟು ಚೆನ್ನಾಗಿ ಓದಿರಲಿಲ್ಲ.

ನಮ್ಮ ಹಿತ್ತಿಲ ಗೋಡೆಗೆ ಆತುಕೊಂಡೇ ಇನ್ನೊಂದು ಹಿತ್ತಿಲು. ಆ ಮನೆಯವರು ಉಡುಪಿಯ ಕಡೆಯ ಬ್ಯಾರಿ ಮುಸಲ್ಮಾನರು. ಅವರಿಗೆ ನನ್ನ ವಯಸ್ಸಿನ ಮಗಳು, ಒಂದೇ ಕ್ಲಾಸು, ಒಂದೇ ಬಸ್ಸು. ಮನೆಯಲ್ಲಿ ಅವರದು ಬ್ಯಾರಿ ಭಾಷೆ, ನಮ್ಮ ಜೊತೆ ಕನ್ನಡ. ಆ ಕನ್ನಡ ಕೇಳಿ ಅಮ್ಮ, "ಪುಸ್ತಕ ಓದಿದಂಗ ಮಾತಾಡತಾರ ಇವರು" ಎಂದು ಬೆರಗಾಗಿದ್ದಳು. ನಾನು "ಬರಾಕತ್ತೀನಿ" ಎಂದರೆ ಆ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಅವಳು "ಎಂಥ ಉಂಟು ತಿನ್ಲಿಕ್ಕೆ?" ಎಂದರೆ ನಾನು ಅಣಕಿಸುತ್ತಿದ್ದೆ. ಇಬ್ಬರಿಗೂ ಮುಂಬಾಗಿಲು ಗೊತ್ತೇ ಇರಲಿಲ್ಲ. ಗೋಡೆ ಹತ್ತಿ ಇಳಿದು, ಅಡಿಗೆಮನೆಯ ಬಾಗಿಲಿನಿಂದ ನುಗ್ಗಿ, ಕೇಳದೆ ಫ್ರಿಡ್ಜು ತೆರೆದು, ಬಾಟಲಿ ಎತ್ತಿ ಗಟಗಟ ನೀರು ಕುಡಿದು, ಖಾಲಿ ಬಾಟಲಿಯನ್ನು ಕಟ್ಟೆಯ ಮೇಲೇ ಬಿಟ್ಟು ಬೈಸಿಕೊಳ್ಳುವುದು. ಆ ಗೋಡೆಯಿಂದಲೇ ಒಮ್ಮೆ ಅವಳು ಬಿದ್ದು ಎಡ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಆಸ್ಪತ್ರೆಯ ದಾರಿಯುದ್ದಕ್ಕೂ ಅವಳ ಹಣೆಗೆ ನನ್ನ ಶಾಲೆಯ ಟೈ ಒತ್ತಿ ಹಿಡಿದಿದ್ದೆ.

ಮಧ್ಯಾಹ್ನಗಳಲ್ಲಿ ನಾವು ನಮ್ಮ ಊಟದ ಮೇಜಿನ ಕೆಳಗೆ ಒಂದು ಊರು ಕಟ್ಟುತ್ತಿದ್ದೆವು. ಬೆಂಕಿಪೊಟ್ಟಣ, ಔಷಧದ ಡಬ್ಬಿ, ಟೂತ್‌ಪೇಸ್ಟಿನ ಪೆಟ್ಟಿಗೆ. ನಿಯಮ ಒಂದೇ, ಯಾವ ಮನೆಯೂ ಇನ್ನೊಂದರ ಬಣ್ಣದ್ದಾಗಿರಬಾರದು. ಬಣ್ಣಗಳು ಮುಗಿದು ಹೋದವು. ಬಸಳೆಯ ಹಣ್ಣು ಹಿಂಡಿ ನೇರಳೆ ಮಾಡಿಕೊಂಡೆವು, ಅರಿಸಿನ ಕಲಸಿದೆವು. ನನಗೆ ಹನ್ನೊಂದಾಗಿದ್ದ ಆ ಜೂನಿನ ಹೊತ್ತಿಗೆ ಒಂಬತ್ತು ಡಬ್ಬಿಗಳು ಬಣ್ಣಕ್ಕೆ ಕಾದಿದ್ದವು.

ಅವಳ ತಾಯಿಯನ್ನು ನಾನೂ ಉಮ್ಮ ಎನ್ನುತ್ತಿದ್ದೆ. ಅವರ ಹಿತ್ತಿಲಲ್ಲಿ ಒಂದು ಮಲ್ಲಿಗೆ ಗಿಡವಿತ್ತು. ಊರಿನಿಂದ ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿ ತಂದು ನೆಟ್ಟದ್ದು. ಆ ಮರಳಿನಲ್ಲಿ, ಆ ಉಪ್ಪುಗಾಳಿಯಲ್ಲಿ ಅದು ಹೂ ಬಿಟ್ಟದ್ದೇ ಕಾಲೋನಿಗೆಲ್ಲ ದೊಡ್ಡ ಸುದ್ದಿ. ಉಮ್ಮ ದಾರದಲ್ಲಿ ಕಟ್ಟಿ ಒಂದು ಮೊಳ ಅಮ್ಮನಿಗೆ ಕೊಡುತ್ತಿದ್ದರು. ಅವರು ರಜೆಗೆ ಹೋದಾಗಲೆಲ್ಲ ಆ ಕುಂಡ ಅಲ್ಲೇ ಅವರ ಹಿತ್ತಿಲಲ್ಲೇ ಇರುತ್ತಿತ್ತು, ನಾವು ಊರಿಗೆ ಹೊರಡುವವರೆಗೆ ನಾನು ದಿನಾ ಗೋಡೆ ದಾಟಿ ಹೋಗಿ ನೀರು ಹಾಕಿ ಬರುತ್ತಿದ್ದೆ. ನಾವೂ ಹೊರಟ ಮೇಲೆ ತೋಟದ ಕೆಲಸದವನು ಹಾಕುತ್ತಿದ್ದ.

ಆ ಜೂನಿನ ಒಂದು ಸಂಜೆ ಉಮ್ಮ ಗೋಡೆಯಾಚೆಯಿಂದ ಅಮ್ಮನನ್ನು ಕರೆದರು. ಎರಡೂ ಕೈಯಲ್ಲಿ ಮಲ್ಲಿಗೆಯ ಕುಂಡ.

"ಇದು ನಿಮ್ಮಲ್ಲಿ ಇರ್ಲಿ ಅಕ್ಕ. ನಮ್ಮಲ್ಲಿ ಬಿಸಿಲು ಜಾಸ್ತಿ ಆಯ್ತು. ಊರಿಗೆ ಹೋಗಿ ಬರುವ ತನಕ."

ಅಮ್ಮ ಕುಂಡದ ಜೊತೆಗೆ ಉಮ್ಮನ ಕೈಗಳನ್ನೂ ಹಿಡಿದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತರು, ಕುಂಡ ಗೋಡೆಯ ಮೇಲೆ ಕೂತಿತ್ತು. ಆ ಕಡೆ ಬೀದಿಯಲ್ಲಿ ನನ್ನ ಗೆಳತಿ ಸೈಕಲ್ಲಿನ ಗಂಟೆ ಬಾರಿಸುತ್ತಾ ಸುತ್ತು ಹೊಡೆಯುತ್ತಿದ್ದಳು. ಅಮ್ಮ ಒಳಗೆ ಬಂದಳು. ಅಂದು ಅವಳು "ಹೊಂಟಾರ" ಎನ್ನಲಿಲ್ಲ. ಒಲೆ ಹಚ್ಚಿ ಅದರ ಮೇಲೆ ಏನೂ ಇಡದೆ ನಿಂತಳು. ನಾನು ಹಿಂದೆಯೇ ಇದ್ದದ್ದು ನೋಡಿ ನನ್ನ ರಟ್ಟೆ ಹಿಡಿದಳು.

"ನೋಡವಾ, ಆ ಹುಡುಗೀಗೆ ಅವರು ಇನ್ನೂ ಹೇಳಿಲ್ಲ. ನಿನ್ನ ಬಾಯಿಂದ ಬರಬಾರದು. ಅದು ಹಿರ್ಯಾರು ಹೇಳೂ ಮಾತು."

"ಯಾವಾಗ ಹೇಳ್ತಾರ?"

"ಊರು ಮುಟ್ಟಿದ ಮ್ಯಾಲ."

ಮುಂದಿನ ಮೂರು ವಾರ ನಾನು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ತಿರುಗಿದೆ. ಅವಳು ಸೆಪ್ಟೆಂಬರಿನ ಯೋಜನೆ ಹಾಕುತ್ತಿದ್ದಳು. ಊರಿನಿಂದ ಹುಣಿಸೆಹುಳಿಯ ಮಿಠಾಯಿ ತರುವುದು, ಬಸ್ಸಿನಲ್ಲಿ ಕೊನೆಯ ಸೀಟು ಹಿಡಿಯುವುದು, ಉಳಿದ ಒಂಬತ್ತು ಡಬ್ಬಿಗಳಿಗೆ ಅಲ್ಲಿಂದ ಹೊಸ ಬಣ್ಣ ತರುವುದು. "ನಾನು ಬರುವ ತನಕ ಅದನ್ನು ಮುಟ್ಬಾರ್ದು ಆಯ್ತಾ? ಪ್ರಾಮಿಸ್ ಮಾಡು." ಮಾಡಿದೆ. ಬಸ್ಸಿನಲ್ಲಿ ಒಂದು ಸಲ, ಮೇಜಿನ ಕೆಳಗೆ ಎರಡು ಸಲ ಮಾತು ತುಟಿಯವರೆಗೆ ಬಂದಿತ್ತು. ಹೇಳಲಿಲ್ಲ. ಅಮ್ಮ ಬೇಡ ಎಂದಿದ್ದಳು ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೇಳಿದರೆ ಅವಳು ಅಳುತ್ತಾಳೆ, ಮನೆಯಲ್ಲಿ ಜಗಳ ಮಾಡುತ್ತಾಳೆ, ನಮ್ಮ ಆಟ ನಿಂತು ಹೋಗುತ್ತದೆ. ನನ್ನ ಮೂರು ವಾರ ಹಾಳಾಗುವುದು ನನಗೆ ಬೇಕಿರಲಿಲ್ಲ. ಅವಳಿಗೆ ಆ ಬೀದಿಯನ್ನು, ಆ ಗೋಡೆಯನ್ನು, ಶಾಲೆಯನ್ನು ಕೊನೆಯ ಸಲ ಎಂದು ತಿಳಿದು ನೋಡುವ ಹಕ್ಕಿತ್ತು. ಅದನ್ನು ನಾನು ಕೊಡಲಿಲ್ಲ.

ಹೊರಟ ದಿನ ಮಧ್ಯಾಹ್ನ ಅವಳು ಗೋಡೆಯ ಮೇಲೆ ಮೊಣಕೈ ಊರಿ ಕೂಗಿದಳು. ಹೊಸ ಚೂಡಿದಾರ, ಕೈತುಂಬ ಬಳೆ.

"ಹೋಗಿ ಬರ್ತೇನೆ ಮಾರಾಯ್ತಿ."

"ಬಾ," ಎಂದೆ. "ಲಗೂ ಬಾ."

ನಮ್ಮವರಲ್ಲಿ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, ಎಲ್ಲರೂ ಹೋಗಿ ಬರುವವರೇ. ಆದರೆ ಆ ದಿನ ಅವಳು ಅದನ್ನು ನಂಬಿ ಹೇಳಿದ್ದಳು, ನಾನು ನಂಬದೆ ಹೇಳಿದ್ದೆ.

ಆಮೇಲೆ ನಾವೂ ಗದಗಿಗೆ ಹೋಗಿ ರಜೆ ಮುಗಿಸಿ ಬಂದೆವು. ಶಾಲೆ ತೆರೆದ ದಿನ ಬೆಂಚಿನ ಆ ತುದಿ ಖಾಲಿ ಇತ್ತು. ಟೀಚರು ಗೆರೆ ಎಳೆದದ್ದನ್ನು ನೋಡಲಾಗದೆ ಪೆನ್ಸಿಲು ಕೆತ್ತುತ್ತಾ ಕೂತೆ. ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದರೆ ಅಮ್ಮ ಇರಲಿಲ್ಲ, ಬಾಗಿಲಿಗೆ ಬೀಗ. ಬಾಯಾರಿ ನಾಲಿಗೆ ಒಣಗಿತ್ತು. ಹಿತ್ತಿಲಿಗೆ ಹೋದೆ, ಬ್ಯಾಗು ಎಸೆದೆ, ಗೋಡೆ ಹತ್ತಿ ಇಳಿದೆ, ಅಡಿಗೆಮನೆಯ ಬಾಗಿಲು ತಳ್ಳಿದೆ, ಫ್ರಿಡ್ಜು ತೆರೆದು ಬಾಟಲಿ ಎತ್ತಿದೆ. ಅರ್ಧ ಬಾಟಲಿ ಖಾಲಿಯಾದ ಮೇಲೆ ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಂತು. ತಿರುಗಿ ನೋಡಿದರೆ ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಒಬ್ಬ ಹೆಂಗಸು ನಿಂತಿದ್ದರು. ಅವರ ಹಿಂದೆ ಅದೇ ಸೋಫಾ, ಅದೇ ಪರದೆ, ಅದೇ ಮೇಜು.

"ಕೌನ್ ಹೋ ಬೇಟಾ?" ಎಂದು ಮೆಲ್ಲಗೆ ಕೇಳಿದರು. ಪಾಟ್ನಾ ಕಡೆಯವರು ಎಂದು ಆಮೇಲೆ ತಿಳಿಯಿತು.

"ಸಾರಿ ಆಂಟಿ, ಮನೆ ತಪ್ಪಿತು" ಎಂದು ಹಿಂದಿಯಲ್ಲಿ ತೊದಲಿದೆ.

ಅವರು ನಕ್ಕರು. ಬಂದು ಒಂದೇ ವಾರವಾಗಿತ್ತಂತೆ, ಅಷ್ಟರಲ್ಲೇ ಅವರ ಗಂಡ ಎರಡು ಸಲ ಬೇರೆ ಮನೆಗೆ ಹೋಗಿದ್ದರಂತೆ. ಹಿಟ್ಟಿನ ಕೈಯಿಂದಲೇ ಕೆನ್ನೆ ತಟ್ಟಿ ಮುಂಬಾಗಿಲಿನಿಂದ ಕಳಿಸಿಕೊಟ್ಟರು. ಆ ಬಾಗಿಲಿನಿಂದ ನಾನು ಹೊರಬಂದದ್ದು ಅದೇ ಮೊದಲು. ನಾನು ಮನೆ ತಪ್ಪಿರಲಿಲ್ಲ. ಸುತ್ತು ಹಾಕಿ ನಮ್ಮ ಮೆಟ್ಟಿಲಿಗೆ ಬಂದು ಅಮ್ಮ ಬರುವವರೆಗೆ ಕೂತೆ. ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಆ ದಿನದಿಂದ ನಾನು ಯಾರ ಮನೆಯ ಫ್ರಿಡ್ಜನ್ನೂ ಕೇಳದೆ ತೆರೆದಿಲ್ಲ.

ಮಲ್ಲಿಗೆಗೆ ನಾವು ಉಡುಪಿ ಎಂದು ಹೆಸರಿಟ್ಟೆವು. ಆರು ವರ್ಷ ಹೂ ಬಿಟ್ಟಿತು. ಆಮೇಲೆ ನಮ್ಮ ಸರದಿ ಬಂತು. ನನಗೆ ಹದಿನೇಳು, ನನಗೂ ಅಪ್ಪ ಅಮ್ಮ ಹೇಳಿರಲಿಲ್ಲ, ಆದರೆ ಒಂದು ಸಂಜೆ ಅಮ್ಮ ಆ ಕುಂಡವನ್ನು ಎತ್ತಿ ಗೋಡೆಯಾಚೆಯ ಪಾಟ್ನಾದವರಿಗೆ ದಾಟಿಸಿ, ಮುರುಕು ಹಿಂದಿಯಲ್ಲಿ ನಮ್ಮಲ್ಲಿ ಬಿಸಿಲು ಹೆಚ್ಚಾಯಿತು ಎಂದದ್ದು ಕಿಟಕಿಯಿಂದ ಕೇಳಿಸಿತು. ಸಾಮಾನು ಕಟ್ಟುವಾಗ ಬಣ್ಣ ಕಾಣದ ಆ ಒಂಬತ್ತು ಡಬ್ಬಿಗಳು ಕಸದ ಚೀಲಕ್ಕೆ ಹೋದವು. ನಾನು ತಡೆಯಲಿಲ್ಲ.

ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಹೀಗೇ ಸಾಲು ಸಾಲು ಒಂದೇ ಥರದ ಮನೆಗಳ ಬಡಾವಣೆಗಳನ್ನು ಕಟ್ಟಿದ್ದರಂತೆ, ಅಲ್ಲಿ ಬೆಳೆದವರು ಈಗ ಮುದುಕರಾಗಿ ತಮ್ಮ ಹುಲ್ಲುಹಾಸು, ಸೈಕಲ್ಲು, ಬೇಲಿಯಾಚೆಯ ಗೆಳೆಯರ ಬಗ್ಗೆ ಬರೆದುಕೊಳ್ಳುತ್ತಾರೆ. ಓದಿದಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅವರಿಗೆ ಹಿಂತಿರುಗಿ ಹೋಗಿ ನೋಡಲು ಬೀದಿಯಿದೆ, ಹೌದು ಹೌದು ಎನ್ನಲು ಅದೇ ಬೀದಿಯ ಒಬ್ಬರಾದರೂ ಇದ್ದಾರೆ. ನಮ್ಮ ಬೀದಿಯ ಮಕ್ಕಳು ಎಳ್ಳು ಚೆಲ್ಲಿದಂತೆ ಚೆಲ್ಲಿಹೋದರು.

ಓದು ಮುಗಿಸಿ, ಮದುವೆಯಾಗಿ, ಅದು ಮುರಿದು (ಆ ಕಥೆ ಇಲ್ಲಿ ಬೇಡ), ನಾನು ಅಬುಧಾಬಿಗೆ ಕೆಲಸಕ್ಕೆ ಬಂದೆ. ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಏಳನೇ ಮಹಡಿ, ಒಂದು ಕೋಣೆ, ಒಂದು ಬಾಲ್ಕನಿ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಹುಬ್ಬಳ್ಳಿಯಲ್ಲಿ ತನ್ನ ತಂಗಿಯ ಜೊತೆ ಇದ್ದಾಳೆ, ಇಬ್ಬರೂ ದಿನಾ ಜಗಳಾಡಿಕೊಂಡು ಸುಖವಾಗಿದ್ದಾರೆ. ಒಮ್ಮೆ ರಜೆಯ ದಿನ ಕಾರು ತೆಗೆದುಕೊಂಡು ರುವೈಸಿಗೆ ಹೋದೆ. ಕಾಲೋನಿಯ ಗೇಟಿನಲ್ಲಿ ಕಾವಲುಗಾರ ಯಾರ ಮನೆಗೆ ಎಂದು ಕೇಳಿದ. ನಂಬರು ಹೇಳಿದೆ. ಅಲ್ಲಿರುವವರ ಹೆಸರು ಹೇಳಿ ಎಂದ. ಗೊತ್ತಿಲ್ಲ, ನಾನು ಅಲ್ಲಿ ಬೆಳೆದವಳು ಎಂದೆ. ಅವನು ನೇಪಾಳದವನು, ಮರ್ಯಾದಸ್ಥ, ತನಗೂ ತನ್ನ ಮನೆ ನೋಡದೆ ಮೂರು ವರ್ಷವಾಯಿತು ಎಂದ. ಕಾರು ತಿರುಗಿಸಿದೆ.

ಹೋದ ನವೆಂಬರಿನಲ್ಲಿ ನಮ್ಮ ಕಟ್ಟಡದ ಕೆಳಗಿನ ದರ್ಜಿ ಅಂಗಡಿಯಲ್ಲಿ ಒಬ್ಬ ಹೆಂಗಸು ಕೌಂಟರಿನ ಮೇಲೆ ಕುಪ್ಪಸ ಹಾಕಿ ಹಿಂದಿಯಲ್ಲಿ ದರ್ಜಿಯನ್ನು ತರಾಟೆಗೆ ತೆಗೆದುಕೊಂಡಿದ್ದರು. "ಖಲಾಸ್, ನನಗೆ ಬೇಡ" ಎಂದು ಮುಗಿಸಿ, ಪಕ್ಕದಲ್ಲಿ ಫೋನು ನೋಡುತ್ತಿದ್ದ ಮಗಳಿಗೆ, "ಎಂಥ ಜನ ಮಾರಾಯ್ತಿ ಇವ್ರು" ಎಂದರು. ಮಗಳು ತಲೆ ಎತ್ತದೆ, "ಉಮ್ಮ, ಲೆಟ್ಸ್ ಗೋ" ಎಂದಳು. ನಾನು ಮುಖ ನೋಡಿದೆ. ಎಡ ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತು.

"ನೀವು ರುವೈಸಿನಲ್ಲಿ ಇದ್ರೇನು?" ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಗೋಡೆಯ ಕಥೆ, ಬಸ್ಸಿನ ಕಥೆ ಒಂದರ ಹಿಂದೊಂದು ಹೇಳಿದೆ. ನಿಧಾನಕ್ಕೆ ಅವಳ ಮುಖ ಬಿಡಿಸಿಕೊಂಡಿತು, "ಅಲ್ಲಾ, ಗದಗಿನ ಹುಡುಗಿ ನೀನು" ಎಂದು ನನ್ನ ಎರಡೂ ಕೈ ಹಿಡಿದಳು. ದರ್ಜಿ ಬಚಾವಾದ.

ಮೇಲೆ ನನ್ನ ಮನೆಗೆ ಕರೆದುಕೊಂಡು ಬಂದು ಚಹಾ ಕೊಟ್ಟೆ, ಮತ್ತು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಿಪಾಠ ಮಾಡಿಟ್ಟುಕೊಂಡಿದ್ದನ್ನು ಹೇಳಿದೆ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ, ತಪ್ಪಾಯಿತು. ಅವಳು ಬಿಸ್ಕೆಟ್ಟು ಅದ್ದುತ್ತಾ ಕೇಳಿದಳು.

"ಹೌದಾ ಮಾರಾಯ್ತಿ? ನಂಗೆ ಎಂಥದೂ ನೆನಪಿಲ್ಲ. ರುವೈಸ್ ಆದ್ಮೇಲೆ ಮಸ್ಕತ್, ಆಮೇಲೆ ಜುಬೈಲ್, ಆಮೇಲೆ ಕುವೈತ್. ಬೆಕ್ಕು ಮರಿ ಹೊತ್ಕೊಂಡು ತಿರುಗಿದ ಹಾಗೆ ನಮ್ಮನ್ನು ತಿರುಗಿಸಿದ್ರು. ಯಾವುದು ಎಲ್ಲಿ ಅಂತ ತಲೆಯಲ್ಲಿ ನಿಲ್ಲುದಿಲ್ಲ."

"ಈ ಗಾಯ?" ಎಂದು ಹುಬ್ಬು ತೋರಿಸಿದೆ.

"ಇದು ಜುಬೈಲಲ್ಲಿ ಬಿದ್ದದ್ದು."

ಅವಳ ರಕ್ತದಲ್ಲಿ ನೆನೆದ ನನ್ನ ಟೈಯನ್ನು ಅಮ್ಮ ಮೂರು ಸಲ ಒಗೆದಿದ್ದಳು. ನಾನು ವಾದಿಸಲಿಲ್ಲ. ಅವಳಿಗೆ ನಾಲ್ಕು ಕಾಲೋನಿ, ನಾಲ್ಕು ಗೋಡೆ, ನಾಲ್ಕು ಪಕ್ಕದ ಮನೆಯ ಹುಡುಗಿಯರು. ನನಗೆ ಇದ್ದದ್ದು ಒಂದೇ. ನನ್ನ ಇಡೀ ಬಾಲ್ಯಕ್ಕೆ ಇದ್ದ ಒಬ್ಬಳೇ ಸಾಕ್ಷಿ ಎದುರಿಗೆ ಕೂತು ಬಿಸ್ಕೆಟ್ಟು ತಿನ್ನುತ್ತಿದ್ದಳು, ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಕಪ್ಪು ತೊಳೆಯುತ್ತಾ ಅತ್ತೆ. ಕ್ಷಮಿಸು ಎನ್ನಲೂ ಕ್ಷಮಿಸಿದೆ ಎನ್ನಲೂ ಇಬ್ಬರಿಗೂ ಒಂದೇ ನೆನಪಿರಬೇಕು, ಅದು ಅಂದು ಗೊತ್ತಾಯಿತು.

ಆದರೂ ಅವಳು ಬರತೊಡಗಿದಳು. ಮನೆ ಅಬುಧಾಬಿಯ ಹೊರವಲಯದ ಬನಿಯಾಸಿನಲ್ಲಿ, ಗಂಡ ಗಾಡಿಯ ಬಿಡಿಭಾಗದ ಅಂಗಡಿಯಲ್ಲಿ ಸೇಲ್ಸ್‌ಮನ್, ಮಗಳಿಗೆ ಹನ್ನೊಂದು. ಶನಿವಾರ ಮಗಳನ್ನು ಈಜಿನ ಕ್ಲಾಸಿಗೆ ಬಿಟ್ಟು ನನ್ನಲ್ಲಿಗೆ ಬರುವಳು. ಎರಡನೇ ಸಲವೇ ನೇರ ಅಡಿಗೆಮನೆಗೆ ಹೋಗಿ, ಕೇಳದೆ ಫ್ರಿಡ್ಜು ತೆರೆದು, ಬಾಟಲಿ ಎತ್ತಿ ಕುಡಿದಳು. ಖಾಲಿ ಬಾಟಲಿ ಕಟ್ಟೆಯ ಮೇಲೇ ಬಿಟ್ಟಳು. ವಾರವಿಡೀ ಯಾರ ಜೊತೆಗೂ ಕನ್ನಡದಲ್ಲಿ ಮಾತಾಡದ ನನಗೆ ಶನಿವಾರ ಹಬ್ಬವಾಯಿತು. ಶುಕ್ರವಾರವೇ ಎರಡು ಬಾಟಲಿ ಹೆಚ್ಚು ತುಂಬಿ ಇಡತೊಡಗಿದೆ.

ಈ ಮೇ ತಿಂಗಳ ಕೊನೆಯ ಶನಿವಾರ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಅವಳು, ಪಕ್ಕದಲ್ಲಿ ಮಗಳು, ಕೈಯಲ್ಲಿ ಪೇಂಟಿನ ಹಳೇ ಡಬ್ಬಿ. ಡಬ್ಬಿಯಲ್ಲಿ ಒಂದು ಮೊಳ ಎತ್ತರದ ಕರಿಬೇವು.

"ಇದು ನಿನ್ನ ಹತ್ರ ಇರ್ಲಿ," ಎಂದಳು. "ನಮ್ಮ ಬಾಲ್ಕನಿಯಲ್ಲಿ ಬಿಸಿಲು ಭಾರೀ ಜಾಸ್ತಿ. ಎರಡು ತಿಂಗಳು ಊರಿಗೆ ಹೋಗಿ ಬರ್ತೇವೆ."

ಮಗಳು ಫೋನಿನಲ್ಲಿ ಏನೋ ಆಡುತ್ತಾ ಲಿಫ್ಟಿನ ಪಕ್ಕದ ಗೋಡೆಗೆ ಒರಗಿದ್ದಳು, ಅವಳಿಗೆ ಏನೂ ಗೊತ್ತಿಲ್ಲ ಎಂಬುದು ಮುಖದಲ್ಲೇ ಬರೆದಿತ್ತು. ಬಾ, ಲಗೂ ಬಾ ಎಂದುಬಿಟ್ಟರೆ ಮುಗಿಯುತ್ತಿತ್ತು. ಇನ್ನೂ ಮೂರು ಶನಿವಾರ ಸುಖವಾಗಿ ಸಿಗುತ್ತಿದ್ದವು, ಆ ಲೆಕ್ಕ ನನ್ನ ತಲೆಯಲ್ಲಿ ಆಗಲೇ ನಡೆದಿತ್ತು. ಮೂವತ್ತು ವರ್ಷ ಪಶ್ಚಾತ್ತಾಪ ಪಟ್ಟವಳಿಗೂ ಮೊದಲು ಹೊಳೆದದ್ದು ಅದೇ. ನಾಚಿಕೆಯಾಯಿತು. ಡಬ್ಬಿಯ ಒಂದು ಅಂಚು ಹಿಡಿದೆ, ಆದರೆ ತೆಗೆದುಕೊಳ್ಳಲಿಲ್ಲ.

"ಒಳಗ ಬಾ," ಎಂದೆ. ಅಡಿಗೆಮನೆಯಲ್ಲಿ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ಕೇಳಿದೆ, "ಕ್ಯಾನ್ಸಲ್ ಆತೇನು?"

ಅವಳು ಫ್ರಿಡ್ಜಿಗೆ ಚಾಚಿದ್ದ ಕೈ ಹಿಂದೆಳೆದಳು. "ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಗಿಡ ಬಂತಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅವಳು ಯಾವಾಗಲೂ ಹೋದವರ ಪೈಕಿ, ಕುಂಡಗಳು ಬರುವುದನ್ನು ನೋಡಿದವಳಲ್ಲ. ಕುರ್ಚಿ ಎಳೆದು ಕೂತಳು. ಸೀಲು ಬೀಳುವ ತನಕ ಯಾರಿಗೂ ಹೇಳಬಾರದೆಂದು ಗಂಡ ಹೇಳಿದ್ದಾರೆ, ಜೂನ್ ಇಪ್ಪತ್ತಕ್ಕೆ ಟಿಕೆಟ್, ಹಿಂದೆ ಬರುವುದು ಇಲ್ಲ ಎಂದಳು. ಹೇಳುತ್ತಾ ದುಪಟ್ಟಾದಿಂದ ಕಣ್ಣು ಒರೆಸಿದಳು.

"ಮಗಳಿಗೆ?"

"ಊರಿಗೆ ಹೋದ ಮೇಲೆ ಹೇಳುದು ಅಂತ."

"ಇವತ್ತ ಹೇಳು," ಎಂದೆ. ನನ್ನ ದನಿ ಟೀಚರಿನ ದನಿಯಾಗಿತ್ತು. "ಇಲ್ಲೇ, ಈಗ. ಸಿಟ್ಟ ಬರ್ಲಿ, ಅಳ್ಲಿ. ಅಕಿಗೆ ಇಪ್ಪತ್ತು ದಿನ ಸಿಗತಾವು."

ಅವಳು ದುಪಟ್ಟಾ ಸರಿಮಾಡಿಕೊಂಡು ಎದ್ದಳು. ಆಮೇಲೆ ಮಗಳನ್ನು ಒಳಗೆ ಕರೆದಳು. ನಾನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಗಾಜಿನಾಚೆ ಆ ಹುಡುಗಿ ಫೋನು ಕೆಳಗಿಟ್ಟದ್ದು, ಎದ್ದು ನಿಂತದ್ದು, ಇಂಗ್ಲಿಷಿನಲ್ಲಿ ಕಿರುಚಿದ್ದು ಕಾಣಿಸಿತು. ಆಮೇಲೆ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದ್ದೂ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅವಳೇ ಬಂದು ಬಾಲ್ಕನಿಯ ಬಾಗಿಲು ತೆರೆದಳು. ಮೂಗು ಕೆಂಪಾಗಿತ್ತು. ನನ್ನನ್ನು ನೋಡದೆ ತಾಯಿಗೆ ಹೇಳಿದಳು, "ಯಲ್ಲಾ, ನಡಿ ಉಮ್ಮ, ಮನೆಗೆ ಹೋಗುವಾ. ಪಕ್ಕದ ಫ್ಲ್ಯಾಟಿನ ಅವಳಿಗೆ ನಾನೇ ಹೇಳ್ಬೇಕು. ಬೇರೆ ಯಾರೂ ಹೇಳ್ಬಾರ್ದು."

ಅವಳು ಕನ್ನಡದಲ್ಲಿ ಇಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ತಾಯಿ ಮಗಳು ಲಿಫ್ಟಿಳಿದು ಹೋದರು, ಕರಿಬೇವು ನನ್ನಲ್ಲೇ ಉಳಿಯಿತು. ಮುಂದಿನ ಶನಿವಾರಗಳಲ್ಲಿ ನನ್ನ ಗೆಳತಿ ಬರಲಿಲ್ಲ, ಮಗಳಿಗೆ ಗೆಳತಿಯ ಜೊತೆಗೇ ಇರಬೇಕಂತೆ, ಸಾಮಾನು ಕಟ್ಟುವುದಿದೆಯಂತೆ. ಜೂನ್ ಇಪ್ಪತ್ತಕ್ಕೆ ಏರ್‌ಪೋರ್ಟಿನಿಂದ ಫೋನು ಮಾಡಿದಳು. "ಹೋಗ್ತೇನೆ ಮಾರಾಯ್ತಿ," ಎಂದಳು. ಬರ್ತೇನೆ ಎನ್ನಲಿಲ್ಲ. ಹೋಗಿ ಮುಟ್ಟಿದ ಮ್ಯಾಲ ಫೋನ್ ಮಾಡು ಎಂದೆ.

ಅದಾದ ಮೇಲೆ ಒಂದು ಸಂಜೆ ಅಮ್ಮ ವೀಡಿಯೋ ಕಾಲ್ ಮಾಡಿದಾಗ ನನ್ನ ಹೆಗಲ ಹಿಂದೆ ಕರಿಬೇವು ಕಾಣಿಸಿತು.

"ಎಲ್ಲೀದು ಅದು?"

"ಬನಿಯಾಸಿಂದು."

ಅಮ್ಮನಿಗೆ ಮತ್ತೇನೂ ಹೇಳಬೇಕಾಗಿರಲಿಲ್ಲ. ಆದರೂ ಯಾರು, ಏನು, ಹೇಗೆ ಎಲ್ಲ ಹೇಳಿದೆ. ಅಡಿಗೆಮನೆಯಲ್ಲಿ ನಾನು ಕೇಳಿದ್ದನ್ನೂ ಹೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಆ ಹುಡುಗೀಗೆ ಅವತ್ತ ಹೇಳಬೇಕಿತ್ತವಾ ನೀನು," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನೀನ ಹೇಳಬ್ಯಾಡ ಅಂದಿದ್ದಿ ಅಮ್ಮಾ."

"ಅಂದಿದ್ದೆ," ಎಂದಳು ಅಮ್ಮ. "ನೀ ಯಾವಾಗ ನನ್ನ ಮಾತು ಕೇಳಿದಾಕಿ?"

ಫೋನನ್ನು ಗೋಡೆಗೆ ಒರಗಿಸಿ, ಅವಳು ನೋಡುತ್ತಿದ್ದಂತೆಯೇ ಎದ್ದು ಬನಿಯಾಸಿಗೆ ನೀರು ಹಾಕಿದೆ.